ಎರಡು ವರ್ಷ ಟೊಮೆಟೊ ಬಿಟ್ಟರೂ ಬೇರುಗಂಟು ಹುಳು ಹೋಗಲಿಲ್ಲ, ಯಾಕೆ?

ಪ್ರಶ್ನೆ: ನಮ್ಮದು ಮುಳಬಾಗಿಲು ತಾಲ್ಲೂಕು. ಎರಡು ಎಕರೆ ಕೆಮ್ಮಣ್ಣಿನ ಜಮೀನು, ಬೋರ್‌ವೆಲ್ ಮತ್ತು ಡ್ರಿಪ್ ಇದೆ. ಮೂರು ವರ್ಷದ ಹಿಂದೆ ಟೊಮೆಟೊ ಬೇರಲ್ಲಿ ಗಂಟು ಬಂದು ಅರ್ಧ ಬೆಳೆ ಹೋಯಿತು. ಅಲ್ಲಿಗೆ ಟೊಮೆಟೊ ನಿಲ್ಲಿಸಿ ಒಂದು ವರ್ಷ ಭೂಮಿ ಬೀಳು ಬಿಟ್ಟೆ. ಮರುವರ್ಷ ಚೆಂಡುಹೂ ಹಾಕಿದೆ. ಈ ಸಲ ಮತ್ತೆ ಟೊಮೆಟೊ ನಾಟಿ ಮಾಡಿದ್ದೇನೆ. ನಲವತ್ತು ದಿನದ ಗಿಡ ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುತ್ತಿದೆ. ಕಿತ್ತು ನೋಡಿದರೆ ಬೇರು ತುಂಬಾ ಗಂಟು. ಪಕ್ಕದಲ್ಲಿದ್ದ ಗಣಿಕೆ ಗಿಡ ಕಿತ್ತರೆ ಅದರಲ್ಲೂ ಗಂಟು. ಕಳೆಯಿಂದ ಬೆಳೆಗೆ ಈ ಹುಳು ಬರುತ್ತದೆಯೇ? ಕಳೆನಾಶಕ ಹೊಡೆದರೆ ಸಾಕೇ?

ಉತ್ತರ: ಕಳೆಯಿಂದ ಬರುತ್ತದೆ. ಅದಕ್ಕೆ ಸಾಕ್ಷಿಯನ್ನು ನೀವೇ ಕಿತ್ತು ನೋಡಿದ್ದೀರಿ. ಗಣಿಕೆ ಬೇರಿನ ಗಂಟೂ ಟೊಮೆಟೊ ಬೇರಿನ ಗಂಟೂ ಒಂದೇ ಹುಳುವಿನ ಕೆಲಸ. ಟೊಮೆಟೊ ಇಲ್ಲದ ಎರಡು ವರ್ಷವೂ ಅದು ಉಪವಾಸ ಬಿದ್ದಿರಲಿಲ್ಲ. ಗಣಿಕೆ, ಕೀರೆ, ಗೋಣಿಸೊಪ್ಪು, ಜೇಕು ಇವುಗಳ ಬೇರಲ್ಲಿ ತಿಂದುಂಡು ಮರಿ ಮಾಡುತ್ತಾ ಇತ್ತು. ನೀವು ಬಿತ್ತುವ ಬೆಳೆ ಬದಲಾಯಿತು, ತಾನಾಗಿ ಹುಟ್ಟುವ ಬೆಳೆ ಬದಲಾಗಲಿಲ್ಲ. ಬೆಳೆ ಬದಲಾವಣೆಯಿಂದ ಏನೂ ಪ್ರಯೋಜನವಾಗಲಿಲ್ಲ ಎನ್ನುವ ಬಹುಪಾಲು ರೈತರ ಹೊಲದಲ್ಲಿ ಆಗಿರುವುದು ಇದೇ.

ಕಳೆನಾಶಕದ ಮಾತಿಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಈ ಹುಳುವಿನ ದಿನಚರಿ ಗೊತ್ತಿರಬೇಕು, ಏಕೆಂದರೆ ಕಳೆಯನ್ನು ಯಾವಾಗ, ಹೇಗೆ ತೆಗೆಯಬೇಕು ಎನ್ನುವುದೆಲ್ಲ ಅದರ ಮೇಲೇ ನಿಂತಿದೆ.

ಇದು ಬೇರುಗಂಟು ಜಂತುಹುಳು, ನೆಮಟೋಡ್. ನಮ್ಮ ಕಡೆಯ ತರಕಾರಿ ಹೊಲಗಳಲ್ಲಿ ಹೆಚ್ಚಾಗಿ ಸಿಗುವ ಜಾತಿಯ ಹೆಸರು ಮೆಲಾಯ್ಡೊಗೈನ್ ಇನ್‌ಕಾಗ್ನಿಟಾ. ಮೊಟ್ಟೆಯಿಂದ ಹೊರಬಂದ ಮರಿ ಅರ್ಧ ಮಿಲಿಮೀಟರ್ ಉದ್ದವೂ ಇರುವುದಿಲ್ಲ, ಬರಿಗಣ್ಣಿಗೆ ಕಾಣದು. ಮಣ್ಣಿನ ಕಣಗಳ ನಡುವಿನ ತೇವದಲ್ಲಿ ಈಜಿಕೊಂಡು ಹೋಗಿ ಎಳೆಯ ಬೇರಿನ ತುದಿಯಲ್ಲಿ ಒಳಗೆ ನುಗ್ಗುತ್ತದೆ. ನೀರು, ಆಹಾರ ಸಾಗುವ ನಾಳದ ಪಕ್ಕದಲ್ಲಿ ತಳವೂರಿ ಅಲ್ಲಿನ ಕೆಲವು ಜೀವಕೋಶಗಳನ್ನು ದೈತ್ಯಾಕಾರಕ್ಕೆ ಉಬ್ಬಿಸಿ ಅವುಗಳಿಂದಲೇ ರಸ ಹೀರುತ್ತದೆ. ಸುತ್ತಲಿನ ಬೇರೂ ಊದಿಕೊಂಡು ಗಂಟಾಗುತ್ತದೆ. ಬಿಸಿಲೇರಿದಾಗ ಗಿಡ ಬಾಡುವುದು ಈ ನಾಳ ಕೆಟ್ಟಿರುವುದರಿಂದ. ಒಳಗಿನ ಹೆಣ್ಣು ಬಿಳಿ ಮುತ್ತಿನಂತೆ ದುಂಡಗಾಗಿ, ಲೋಳೆಯ ಚೀಲವೊಂದರಲ್ಲಿ ಸಾಮಾನ್ಯವಾಗಿ 200ರಿಂದ 500 ಮೊಟ್ಟೆ ಇಡುತ್ತದೆ. ನಮ್ಮ ಹವೆಯಲ್ಲಿ ಮರಿ ಬೇರಿಗೆ ನುಗ್ಗಿದ ದಿನದಿಂದ ಮುಂದಿನ ತಲೆಮಾರು ಹೊರಬರುವವರೆಗೆ 25ರಿಂದ 30 ದಿನ ಸಾಕು. ಚಳಿಗಾಲದಲ್ಲಿ ಇನ್ನೊಂದಿಷ್ಟು ದಿನ ಹಿಡಿಯುತ್ತದೆ.

ಇದರ ದೌರ್ಬಲ್ಯ ಒಂದೇ. ಜೀವಂತ ಬೇರಿಲ್ಲದೆ ಬದುಕಲಾರದು. ಬೆಚ್ಚಗಿನ ತೇವದ ಮಣ್ಣಿನಲ್ಲಿ ಬೇರು ಸಿಗದೆ ಅಲೆಯುವ ಮರಿ, ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗಿದಂತೆ ಕೆಲವು ವಾರಗಳಲ್ಲಿ ನಿತ್ರಾಣವಾಗುತ್ತದೆ. ಬೀಳು ಬಿಡುವುದರ ಲೆಕ್ಕಾಚಾರ ನಿಂತಿರುವುದು ಇದರ ಮೇಲೆ. ಆದರೆ ನಮ್ಮ ರೈತರು ಬೀಳು ಎಂದರೆ ಉಳದೆ, ಬಿತ್ತದೆ ಬಿಡುವುದು ಎಂದುಕೊಳ್ಳುತ್ತಾರೆ. ಮುಂಗಾರಿನ ಒಂದು ಹದ ಮಳೆ ಬಿದ್ದರೆ ಅಲ್ಲಿ ಮೊಣಕಾಲುದ್ದ ಹಸಿರು. ಹುಳುವಿನ ಮಟ್ಟಿಗೆ ಅದು ನೀರು, ಗೊಬ್ಬರ ಕೇಳದೆ ವರ್ಷವಿಡೀ ನಿಂತಿರುವ ಆಸರೆಯ ಬೆಳೆ. ಜೂನ್‌ನಿಂದ ನವೆಂಬರ್‌ವರೆಗೆ ಕಳೆ ನಿಂತರೆ ಐದು ತಲೆಮಾರು ಸುಲಭವಾಗಿ ಆಗಿಹೋಗುತ್ತದೆ. ಹೆಣ್ಣೊಂದು ಇಡುವ ಮೊಟ್ಟೆಯ ಲೆಕ್ಕ ಹಾಕಿಕೊಂಡರೆ, ಬೀಳು ಬಿಟ್ಟ ವರ್ಷದಲ್ಲಿ ನಿಮ್ಮ ಹೊಲದ ಹುಳು ಕಡಿಮೆಯಾಗುವ ಬದಲು ಹೆಚ್ಚಾಗಿದ್ದರೂ ಆಶ್ಚರ್ಯವಿಲ್ಲ.

ಈ ಗುಂಪಿನ ಹುಳುಗಳಿಗೆ ಆಸರೆ ಕೊಡುವ ಗಿಡಗಳು ಜಗತ್ತಿನಲ್ಲಿ 2,000ಕ್ಕೂ ಹೆಚ್ಚು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದೇ 1901ರಲ್ಲಿ ನೀಲಗಿರಿ ಕಡೆಯ ಒಂದು ಚಹಾ ತೋಟದಲ್ಲಿ. ಹಾಗಾಗಿ ಇದು ತರಕಾರಿಗೆ ಮಾತ್ರ ಅಂಟಿದ್ದಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಹಿಪ್ಪುನೇರಳೆ ತೋಟದಲ್ಲಿ ಬೇರುಗಂಟು ಹಳೆಯ ಪೀಡೆ. ರೇಷ್ಮೆ ಬಿಟ್ಟು ಅದೇ ಜಮೀನಿಗೆ ಟೊಮೆಟೊ ಹಾಕಿದವರಿಗೆ ಇದರ ಬಿಸಿ ಚೆನ್ನಾಗಿ ತಟ್ಟಿದೆ.

ಕಳೆಗಳಲ್ಲಿ ನನಗೆ ಎಲ್ಲಕ್ಕಿಂತ ಭಯ ಗಣಿಕೆಯದ್ದು. ಕಾಕಿ ಗಿಡ ಅಂತಲೂ ಕರೆಯುತ್ತಾರೆ. ಅದು ಟೊಮೆಟೊ, ಬದನೆಯ ದಾಯಾದಿ. ಬುಡ್ಡೆಹಣ್ಣಿನ ಗಿಡವೂ ಅದೇ ವಂಶ. ಟೊಮೆಟೊಗೆ ಒಗ್ಗಿದ ಹುಳು ಇವುಗಳಲ್ಲಿ ಟೊಮೆಟೊದಲ್ಲಿ ಬೆಳೆದ ಹಾಗೆಯೇ ಬೆಳೆಯುತ್ತದೆ. ಗಣಿಕೆಗೆ ಇನ್ನೊಂದು ದೋಷವೂ ಇದೆ. ಟೊಮೆಟೊ ಗಿಡ ಹಸಿರಿರುವಾಗಲೇ ದಿಢೀರನೆ ಸೊರಗಿ ಬೀಳುವ ದುಂಡಾಣು ಸೊರಗು ರೋಗಕ್ಕೂ ಅದು ಆಸರೆ. ಹುಳು ಬೇರಲ್ಲಿ ಮಾಡಿದ ಗಾಯ ಆ ದುಂಡಾಣುವಿಗೆ ತೆರೆದ ಬಾಗಿಲು, ಆದ್ದರಿಂದ ಇವೆರಡೂ ಜೊತೆಯಾಗಿ ಬರುವುದೇ ಹೆಚ್ಚು. ನಿಮ್ಮ ಗಿಡ ಸಂಜೆಗೆ ಚೇತರಿಸಿಕೊಳ್ಳುತ್ತಿದೆ ಎಂದು ಬರೆದಿದ್ದೀರಿ, ಸದ್ಯಕ್ಕೆ ಅದು ಸಮಾಧಾನ. ಚೇತರಿಸಿಕೊಳ್ಳದೆ ಉಳಿದ ಗಿಡ ಕಂಡರೆ ಬುಡದ ಕಾಂಡದ ಒಂದು ಗೇಣು ತುಂಡು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಹಾಲಿನಂಥ ದಾರ ಇಳಿದರೆ ದುಂಡಾಣು ಸೇರಿಕೊಂಡಿದೆ ಎಂದೇ ಅರ್ಥ.

ಗಣಿಕೆಯ ನಂತರ ಕೀರೆ, ಮುಳ್ಳುಹರಿವೆ, ಗೋಣಿಸೊಪ್ಪು, ಕನ್ನೆಸೊಪ್ಪು, ಚಕ್ಕೋತ, ನಾಯಿತುಳಸಿ, ಗರುಗ. ಇವೆಲ್ಲದರಲ್ಲೂ ಹುಳು ಮರಿ ಮಾಡುತ್ತದೆ. ಒಂದೇ ತೊಡಕು, ಎಲ್ಲದರಲ್ಲೂ ಗಂಟು ಟೊಮೆಟೊದಷ್ಟು ದಪ್ಪಗೆ ಕಾಣುವುದಿಲ್ಲ. ಕೆಲವು ಕಳೆಗಳಲ್ಲಿ ಬೇರು ಸಾಸಿವೆ ಕಾಳಿನಷ್ಟು ಉಬ್ಬಿರುತ್ತದೆ ಅಷ್ಟೆ. ಜೇಕು, ಹುಲ್ಲಿನ ಜಾತಿಗಳಲ್ಲಿ ಗಂಟೇ ಕಾಣದೆ ಒಳಗೆ ಹುಳು ತುಂಬಿರಬಹುದು. ಗಂಟಿಲ್ಲ, ಹಾಗಾಗಿ ಹುಳುವಿಲ್ಲ ಎಂದು ತೀರ್ಮಾನಿಸಬೇಡಿ.

ಅನುಮಾನ ಬಗೆಹರಿಸಿಕೊಳ್ಳಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಕಳೆಯನ್ನು ಎಳೆದರೆ ಸಣ್ಣ ಬೇರೆಲ್ಲ ಮಣ್ಣಲ್ಲೇ ಹರಿದು ಉಳಿಯುತ್ತದೆ, ಆದ್ದರಿಂದ ಗುದ್ದಲಿಯಿಂದ ಮಣ್ಣು ಸಮೇತ ಎಬ್ಬಿಸಿ. ಬಕೆಟ್ ನೀರಿನಲ್ಲಿ ಮೆಲ್ಲಗೆ ಅಲುಗಿಸಿ ತೊಳೆಯಿರಿ. ಸಿಹಿತಿಂಡಿಗೆ ಹಾಕುವ ಕೆಂಪು ಬಣ್ಣದ ದ್ರಾವಣ ಅಂಗಡಿಯಲ್ಲಿ ಸಿಗುತ್ತದಲ್ಲ, ಅದರ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ ಬೇರನ್ನು ಕಾಲು ಗಂಟೆ ಅದ್ದಿಡಿ. ಹೊರತೆಗೆದು ಸ್ವಚ್ಛ ನೀರಲ್ಲಿ ಜಾಲಿಸಿ ಬಿಳಿ ತಟ್ಟೆಯ ಮೇಲೆ ಹರಡಿ ಬಿಸಿಲಿಗೆ ಹಿಡಿಯಿರಿ. ಮೊಟ್ಟೆಯ ಲೋಳೆ ಚೀಲ ಬಣ್ಣ ಹಿಡಿದುಕೊಂಡು ಗುಂಡುಪಿನ್ನಿನ ತಲೆಯಷ್ಟು ಕೆಂಪು ಚುಕ್ಕೆಯಾಗಿ ಬೇರಿನ ಮೈಗೆ ಅಂಟಿರುವುದು ಕಾಣುತ್ತದೆ. ಭೂತಗನ್ನಡಿ ಇದ್ದರೆ ಇನ್ನೂ ಸ್ಪಷ್ಟ. ಒಂದೊಂದು ಚುಕ್ಕೆಯಲ್ಲೂ ನೂರಾರು ಮೊಟ್ಟೆ. ಒಮ್ಮೆ ಇದನ್ನು ಕಣ್ಣಾರೆ ಕಂಡವರಿಗೆ ಕಳೆ ತೆಗೆಯಿರಿ ಎಂದು ಮತ್ತೆ ಹೇಳಬೇಕಾಗಿಲ್ಲ. ಹುರುಳಿ, ಅಲಸಂದೆಯಂಥ ದ್ವಿದಳ ಗಿಡ ನೋಡುವಾಗ ಮಾತ್ರ ಎಚ್ಚರ. ಸಾರಜನಕ ಹಿಡಿಯುವ ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಬೆರಳಿಂದ ತಿಕ್ಕಿದರೆ ಉದುರುತ್ತದೆ, ಒಡೆದರೆ ಒಳಗೆ ನಸುಗೆಂಪು. ಹುಳುವಿನ ಗಂಟಿನಲ್ಲಿ ಬೇರೇ ಊದಿರುತ್ತದೆ, ತಿಕ್ಕಿದರೆ ಹೋಗುವುದಿಲ್ಲ.

ಇನ್ನು ಜೇಕು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಮಿಕ್ಕ ಕಳೆಗಳಿಗೆ ನಡೆಯುವ ಉಪಾಯ ಇದಕ್ಕೆ ನಡೆಯುವುದಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಮೆಣಸಿನಕಾಯಿ ಹೊಲಗಳಲ್ಲಿ ಜೇಕು ಮತ್ತು ಬೇರುಗಂಟು ಹುಳು ಒಟ್ಟಿಗೇ ಕಾಡುವುದನ್ನು ಅಲ್ಲಿನ ವಿಜ್ಞಾನಿಗಳು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಹುಳು ಜೇಕಿನ ಗೆಡ್ಡೆಯ ಒಳಗೇ ಸೇರಿಕೊಳ್ಳುತ್ತದೆ. ಮಣ್ಣಿಗೆ ವಿಷಾನಿಲ ಹಾಯಿಸಿದರೂ ಗೆಡ್ಡೆಯೊಳಗಿನ ಹುಳು ಪಾರಾಗಿ, ಗೆಡ್ಡೆ ಚಿಗುರಿದಾಗ ಅದರ ಜೊತೆಗೇ ಎಚ್ಚರವಾಗುತ್ತದೆ. ನಮ್ಮ ಹೊಲದ ಜೇಕಿನ ಗೆಡ್ಡೆಗಳು ಮಣ್ಣೊಳಗೆ ಸರದಂತೆ ಒಂದಕ್ಕೊಂದು ಹೆಣೆದಿರುತ್ತವೆ. ಸರ ಪೂರ್ತಿ ಇರುವಾಗ ತುದಿಯ ಗೆಡ್ಡೆ ಚಿಗುರುತ್ತದೆ, ಮಿಕ್ಕವು ಮಲಗಿರುತ್ತವೆ. ರೋಟವೇಟರ್ ಹೊಡೆದು ಸರ ತುಂಡಾಯಿತೋ, ಪ್ರತಿ ಗೆಡ್ಡೆಯೂ ಚಿಗುರುತ್ತದೆ. ತೇವ ಇರುವಾಗ ರೋಟವೇಟರ್ ಹೊಡೆದು ಜೇಕು ಹರಡಿಸಿಕೊಂಡ ಹೊಲಗಳು ಕೋಲಾರ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಜೇಕು ಇದ್ದಲ್ಲಿ ಬೇಸಿಗೆಯ ಒಣ ಮಣ್ಣಿಗೆ ನೇಗಿಲು ಅಥವಾ ಕಲ್ಟಿವೇಟರ್ ಹಾಕಿ ಗೆಡ್ಡೆಗಳನ್ನು ಮೇಲಕ್ಕೆ ತರಬೇಕು. ಸುಡುಬಿಸಿಲಿಗೆ ಒಣಗಿದ ಗೆಡ್ಡೆ ಸಾಯುತ್ತದೆ, ಒಳಗಿನ ಹುಳುವೂ ಸಾಯುತ್ತದೆ. ಉಳಿದದ್ದು ಚಿಗುರಿದಾಗಲೆಲ್ಲ ಎರಡು ಮೂರು ವಾರಕ್ಕೊಮ್ಮೆ ಬಿಡದೆ ಕುಂಟೆ ಹೊಡೆದರೆ ಗೆಡ್ಡೆಯ ಶಕ್ತಿ ಕುಂದುತ್ತದೆ. ಇದು ಒಂದು ಬೆಳೆಯ ಅವಧಿಯಲ್ಲಿ ಮುಗಿಯುವ ಕೆಲಸವಲ್ಲ. ಬೆಡ್ಡಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ (ಮಲ್ಚಿಂಗ್ ಪೇಪರ್) ಚುಚ್ಚಿಕೊಂಡು ಮೇಲೆ ಬರುವ ಕಳೆ ಇದು, ಪೇಪರ್ ಹಾಸಿದ್ದೇನೆ ಎಂದು ನಿಶ್ಚಿಂತೆಯಿಂದ ಇರಬೇಡಿ.

ಚೆಂಡುಹೂ ಹಾಕಿಯೂ ಯಾಕೆ ಫಲ ಸಿಗಲಿಲ್ಲ? ಚೆಂಡುಹೂವಿನ ಬೇರಿಗೆ ಹುಳುವನ್ನು ಕೊಲ್ಲುವ ಗುಣ ಇರುವುದು ನಿಜ. ಬೇರಿಗೆ ನುಗ್ಗಿದ ಮರಿ ಅಲ್ಲಿ ಬೆಳೆಯಲಾರದೆ ಸಾಯುತ್ತದೆ. ಆದರೆ ಆ ಗುಣ ಬೇರು ಇರುವಷ್ಟು ಜಾಗಕ್ಕೆ ಮಾತ್ರ. ಹೂ ಮಾರುಕಟ್ಟೆಗೆ ಬೆಳೆಯುವಾಗ ನೀವು ಗಿಡಗಳನ್ನು ಒಂದೂವರೆ ಎರಡು ಅಡಿ ಅಂತರಕ್ಕೆ ನೆಟ್ಟಿರುತ್ತೀರಿ. ಸಾಲಿನ ನಡುವೆ ಗಣಿಕೆ, ಕೀರೆ ಬೆಳೆದರೆ ಹುಳುವಿಗೆ ಚೆಂಡುಹೂವಿನ ಬೇರೇ ಬೇಕೆಂದೇನಿಲ್ಲ. ಚೆಂಡುಹೂವಿನ ನಡುವೆ ನಿಂತ ಕಳೆ ಆ ಬೆಳೆಯಿಂದಾಗುವ ಲಾಭವನ್ನು ಪೂರ್ತಿ ತಿಂದುಹಾಕುತ್ತದೆ. ಹುಳು ತಗ್ಗಿಸಲೆಂದೇ ಹಾಕುವುದಾದರೆ ಗೇಣಂತರದಲ್ಲಿ ದಟ್ಟವಾಗಿ, ನೆಲ ಕಾಣದಂತೆ ಹಾಕಿ, ಎರಡರಿಂದ ಮೂರು ತಿಂಗಳು ಕಳೆಯಿಲ್ಲದೆ ಬೆಳೆಸಬೇಕು. ಟೊಮೆಟೊ ಸಾಲುಗಳ ನಡುವೆ ಅಲ್ಲೊಂದು ಇಲ್ಲೊಂದು ಚೆಂಡುಹೂ ನೆಡುವುದರಿಂದ ಬೇರೆ ಲಾಭ ಇರಬಹುದು, ಬೇರುಗಂಟಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ.

ಈಗ ಕಳೆನಾಶಕ. ಹೂ ಬಿಟ್ಟು ಕಾಯಿ ಕಟ್ಟಿದ ಗಣಿಕೆಗೆ ಕಳೆನಾಶಕ ಹೊಡೆದರೆ ಮೇಲಿನ ಗಿಡ ಒಣಗುತ್ತದೆ, ನೋಡಲು ಹೊಲ ಚೊಕ್ಕಟವಾಗುತ್ತದೆ. ಆದರೆ ಬೇರಿನ ಮೇಲೆ ಆಗಲೇ ಇಟ್ಟಿರುವ ಮೊಟ್ಟೆ ಚೀಲಗಳು ಹಾಗೇ ಮಣ್ಣಲ್ಲಿ ಉಳಿಯುತ್ತವೆ. ನೀರು ಬಿದ್ದಾಗ ಒಡೆದು ಮರಿಯಾಗಿ ಪಕ್ಕದ ಬೇರು ಹುಡುಕುತ್ತವೆ, ಆ ಪಕ್ಕದ ಬೇರು ನಿಮ್ಮ ಟೊಮೆಟೊದ್ದು. ಜೊತೆಗೆ ನಿಂತಿರುವ ಟೊಮೆಟೊ ಸಾಲಿನಲ್ಲಿ ಕಳೆನಾಶಕ ಸೋಕಿದರೆ ಬೆಳೆಯೇ ಸುಟ್ಟುಹೋಗುತ್ತದೆ. ಹಾಗಾಗಿ ಈ ಸಮಸ್ಯೆಗೆ ಕಳೆನಾಶಕ ಉತ್ತರವೆಂದು ನಾನು ಹೇಳಲಾರೆ.

ಕೈಯಿಂದಲೋ ಕುಂಟೆಯಿಂದಲೋ ತೆಗೆಯುವುದಕ್ಕೂ ಒಂದು ಸಮಯವಿದೆ, ಇದನ್ನು ದಯವಿಟ್ಟು ಗಮನಿಸಿ. ಕಳೆ ಮೊಳೆತ ಮೂರು ವಾರದೊಳಗೆ ಕಿತ್ತರೆ, ಆಗಲೇ ಅದರ ಬೇರಿಗೆ ನುಗ್ಗಿರುವ ಮರಿಗಳು ಮೊಟ್ಟೆಯಿಡುವ ಮೊದಲೇ ಬೇರಿನ ಜೊತೆ ಆಚೆ ಬರುತ್ತವೆ. ಒಮ್ಮೆ ಬೇರೊಳಗೆ ತಳವೂರಿ ದಪ್ಪಗಾದ ಮರಿ ಮತ್ತೆ ನಡೆಯಲಾರದು, ಆ ಬೇರು ಒಣಗಿದರೆ ಅದರ ಕಥೆಯೂ ಮುಗಿಯಿತು. ಅಂದರೆ ಎಳೆಯ ಕಳೆ ಹುಳುವಿಗೆ ಬೋನು. ಅದೇ ಕಳೆಯನ್ನು ಒಂದೂವರೆ ತಿಂಗಳಿಗೆ ಕಿತ್ತು ಅಲ್ಲೇ ಸಾಲಿನಲ್ಲಿ ಎಸೆದರೆ, ಅಷ್ಟರಲ್ಲಿ ಒಂದು ತಲೆಮಾರು ಮಣ್ಣಿಗಿಳಿದಿರುತ್ತದೆ. ಕೂಲಿ ಆಳು ಸಿಗುವುದು ಕಷ್ಟ, ಕೂಲಿ ದುಬಾರಿ, ಇದೆಲ್ಲ ನನಗೆ ಗೊತ್ತು. ಆದರೂ ಎರಡೇ ಬಾರಿ ಕಳೆ ತೆಗೆಸುವಷ್ಟು ದುಡ್ಡಿದ್ದರೆ ನಾಟಿಯಾದ ಮೂರನೇ ವಾರಕ್ಕೆ ಒಮ್ಮೆ, ಆರನೇ ವಾರಕ್ಕೆ ಒಮ್ಮೆ ತೆಗೆಸಿ. ಹೂ ಬಂದ ಮೇಲೆ ಒಂದೇ ಸಲ ಚೊಕ್ಕಟ ಮಾಡಿಸುವುದಕ್ಕಿಂತ ಇದು ಎಷ್ಟೋ ಮೇಲು. ಮಲ್ಚಿಂಗ್ ಪೇಪರ್ ಹಾಕಿದ್ದರೆ ಸಸಿ ನೆಟ್ಟ ತೂತಿನಲ್ಲಿ ಹುಟ್ಟುವ ಕಳೆಯ ಮೇಲೆ ಕಣ್ಣಿಡಿ. ಅದರ ಬೇರು ಟೊಮೆಟೊ ಬೇರಿನ ಜೊತೆ ಹೆಣೆದುಕೊಂಡೇ ಇರುತ್ತದೆ.

ಕಿತ್ತ ಬೇರು ಎಲ್ಲಿಗೆ ಹೋಗುತ್ತದೆ ಎನ್ನುವುದೂ ಮುಖ್ಯ. ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ತಿರುಗಿ ಹೊಲಕ್ಕೇ ಬರುತ್ತದೆ. ಬಂಡೆಯ ಮೇಲೋ ಗಟ್ಟಿ ನೆಲದ ಮೇಲೋ ತೆಳ್ಳಗೆ ಹರಡಿ ಬಿಸಿಲಿಗೆ ಗರಿಗರಿಯಾಗುವಂತೆ ಒಣಗಿಸಿ, ಆಮೇಲೆ ಸುಟ್ಟುಬಿಡಿ.

ನಮ್ಮ ಕಡೆ ಇನ್ನೊಂದು ರೂಢಿಯಿದೆ. ಮಸ್ಸೊಪ್ಪು, ಬಸ್ಸಾರಿಗೆಂದು ಹೆಂಗಸರು ಹೊಲದಲ್ಲಿ ಬೆರಕೆ ಸೊಪ್ಪು ಆರಿಸುತ್ತಾರೆ. ಗಣಿಕೆ, ಕೀರೆ, ಗೋಣಿಸೊಪ್ಪು, ಕನ್ನೆಸೊಪ್ಪು ಎಲ್ಲವೂ ಅದರಲ್ಲಿರುತ್ತವೆ. ಇಷ್ಟು ಒಳ್ಳೆಯ ಊಟ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಈ ಹುಳು ಮನುಷ್ಯರಿಗೆ ಏನೂ ಮಾಡದು, ಸೊಪ್ಪಿನಲ್ಲಿ ಇರುವುದೂ ಇಲ್ಲ. ಆದರೆ ಸೊಪ್ಪು ಚಿವುಟಿಕೊಂಡು ಬೇರು ಬಿಟ್ಟರೆ ಗಿಡ ಮತ್ತೆ ಚಿಗುರಿ ತಿಂಗಳುಗಟ್ಟಲೆ ಬದುಕುತ್ತದೆ, ಹುಳುವಿಗೆ ಅಷ್ಟು ದಿನ ಅನ್ನ. ಕಳೆ ಎಳೆಯದಿರುವಾಗ ಬುಡಸಮೇತ ಕಿತ್ತು, ಹೊಲದಾಚೆ ಕೂತು ಬೇರು ಕತ್ತರಿಸಿ ಬಿಸಿಲಿಗೆ ಹಾಕಿ, ಸೊಪ್ಪು ಮನೆಗೆ ಒಯ್ಯಲಿ. ಎಳೆಯ ಸೊಪ್ಪಿಗೆ ರುಚಿಯೂ ಹೆಚ್ಚು.

ಬದುವಿನ ಕಳೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ಈ ಹುಳುವಿನ ವಿಷಯದಲ್ಲಿ ಬದುವಿಗೆ ದುಡ್ಡು ಸುರಿಯಬೇಡಿ ಎನ್ನುವುದು ನನ್ನ ಅಭಿಪ್ರಾಯ. ಮರಿ ತನ್ನಷ್ಟಕ್ಕೆ ಒಂದು ಬೆಳೆಯ ಕಾಲದಲ್ಲಿ ಒಂದು ಮೀಟರ್ ದೂರ ಹೋದರೆ ಹೆಚ್ಚು. ಅದನ್ನು ದೂರ ಒಯ್ಯುವುದು ನಾವೇ. ಟ್ರ್ಯಾಕ್ಟರ್ ಚಕ್ರದ ಮಣ್ಣು, ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಬರುವ ರೋಟವೇಟರ್, ಮಡಿಯ ಮಣ್ಣಲ್ಲಿ ಬೆಳೆದ ಸಸಿ, ಇಳಿಜಾರಿನಲ್ಲಿ ಹರಿದುಬರುವ ನೀರು. ಮೊದಲು ಬೆಡ್ಡಿನ ಮೇಲೆ, ಡ್ರಿಪ್ ಪೈಪಿನ ಉದ್ದಕ್ಕೂ ಇರುವ ಕಳೆ ತೆಗೆಸಿ. ತೇವ ಇರುವುದೂ ಹುಳು ಸೇರುವುದೂ ಅಲ್ಲೇ.

ಸದ್ಯ ನಿಂತಿರುವ ಬೆಳೆಯ ಮಾತು. ಆಗಿರುವ ಗಂಟು ಹೋಗುವುದಿಲ್ಲ. ಹೊಸ ಬೇರು ಬರುವಂತೆ ಮಾಡಿ ಗಿಡವನ್ನು ಕೊಯ್ಲಿನವರೆಗೆ ದಾಟಿಸಬಹುದು. ಒಮ್ಮೆಗೇ ಹೆಚ್ಚು ನೀರು ಕೊಡುವ ಬದಲು ಸ್ವಲ್ಪ ಸ್ವಲ್ಪ, ಬೇಗ ಬೇಗ ಕೊಡಿ. ಸೂಕ್ಷ್ಮಾಣುಗಳಿಂದ ಬಲಪಡಿಸಿದ ಕೊಟ್ಟಿಗೆ ಗೊಬ್ಬರವನ್ನು (ಮಾಡುವ ಬಗೆ ಮುಂದೆ ಹೇಳಿದ್ದೇನೆ) ಬುಡಕ್ಕೆ ಒಂದೊಂದು ಹಿಡಿ ಹಾಕಿ ಮಣ್ಣೇರಿಸಿ. ರಾಸಾಯನಿಕವೇ ಬೇಕಾದರೆ ಟೊಮೆಟೊ ಬೇರುಗಂಟಿಗೆಂದು ನೋಂದಣಿಯಾದ ಫ್ಲುವೊಪೈರಾಮ್‌ನಂಥದ್ದನ್ನು ಲೇಬಲ್‌ನಲ್ಲಿರುವ ಪ್ರಮಾಣ, ಸಮಯಕ್ಕೆ ಸರಿಯಾಗಿ ಬಳಸಿ. ಹಳೆಯ ಅಭ್ಯಾಸದಿಂದ ಫೋರೇಟ್ ಹರಳು ಹುಡುಕಬೇಡಿ. ದೇಶದಲ್ಲಿ ಅದರ ಬಳಕೆ 2020ರ ಕೊನೆಗೇ ನಿಷೇಧವಾಗಿದೆ, ತಿನ್ನುವ ಹಣ್ಣಿಗೆ ಅದು ಎಂದೂ ತಕ್ಕದ್ದಲ್ಲ.

ಕೊನೆಯ ಕೊಯ್ಲಾದ ವಾರದಲ್ಲೇ ಟೊಮೆಟೊ ಗಿಡಗಳನ್ನು ಬೇರುಸಮೇತ ಕೀಳಿಸಿ. ಕಡ್ಡಿ, ದಾರ ಬಿಚ್ಚಿಕೊಂಡು ಗಿಡವನ್ನು ಬುಡಕ್ಕೆ ಕುಯ್ದು ಬಿಡುವುದೇ ರೂಢಿ, ಆದರೆ ಆ ಬೇರು ಇನ್ನೂ ಬಹಳ ದಿನ ಜೀವಂತ ಇರುತ್ತದೆ. ಆಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಹತ್ತು ಹದಿನೈದು ದಿನದ ಅಂತರದಲ್ಲಿ ಎರಡು ಮೂರು ಸಲ ಆಳವಾಗಿ ಮಾಗಿ ಉಳುಮೆ ಮಾಡಿ. ನಡುವೆ ಮಳೆ ಬಿದ್ದು ಕಳೆ ಮೊಳೆತರೆ ಮೂರು ವಾರದೊಳಗೆ ಕುಂಟೆ ಹೊಡೆಯಿರಿ. ಸಸಿ ಮಡಿಯಂಥ ಸಣ್ಣ ಜಾಗವಿದ್ದರೆ ನೀರು ಹಾಯಿಸಿ, 25ರಿಂದ 50 ಮೈಕ್ರಾನ್ ದಪ್ಪದ ಪಾರದರ್ಶಕ ಪ್ಲಾಸ್ಟಿಕ್ ಹಾಸಿ ಅಂಚುಗಳನ್ನು ಮಣ್ಣಿನಿಂದ ಮುಚ್ಚಿ ನಾಲ್ಕರಿಂದ ಆರು ವಾರ ಬಿಡಿ. ಹುಳು, ಕಳೆಬೀಜ ಎರಡೂ ಕಡಿಮೆಯಾಗುತ್ತವೆ, ಜೇಕಿನ ಗೆಡ್ಡೆ ಮಾತ್ರ ಇದಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ನಾಟಿಗೆ ಮೊದಲು ಎಕರೆಗೆ 200ರಿಂದ 400 ಕೆ.ಜಿ. ಬೇವಿನ ಹಿಂಡಿ ಅಥವಾ ಹೊಂಗೆ ಹಿಂಡಿ ಸೇರಿಸಿ. ಒಂದು ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೊಡರ್ಮಾ, ಸ್ಯೂಡೊಮೊನಾಸ್, ಪೆಸಿಲೊಮೈಸಿಸ್ ಎಂಬ ಉಪಕಾರಿ ಸೂಕ್ಷ್ಮಾಣುಗಳನ್ನು ತಲಾ 2 ಕೆ.ಜಿ. ಬೆರೆಸಿ, ನೆರಳಲ್ಲಿ ತೇವ ಆರದಂತೆ ಹದಿನೈದು ದಿನ ಇಟ್ಟು ಬಳಸಿ. ಪೆಸಿಲೊಮೈಸಿಸ್ ಶಿಲೀಂಧ್ರ ಹುಳುವಿನ ಮೊಟ್ಟೆಯನ್ನೇ ತಿನ್ನುತ್ತದೆ.

ಮುಂದಿನ ಬೆಳೆಗೆ ಅಪ್ಸೆಣಬು, ಎಳ್ಳು ಒಳ್ಳೆಯ ಆಯ್ಕೆ. ರಾಗಿಯಲ್ಲೂ ಹುಳು ಟೊಮೆಟೊದಲ್ಲಿ ಹೆಚ್ಚಿದಂತೆ ಹೆಚ್ಚುವುದಿಲ್ಲ. ನಿಮ್ಮ ಹೊಲದ್ದು ಇನ್‌ಕಾಗ್ನಿಟಾ ಜಾತಿಯೇ ಆಗಿದ್ದರೆ ಕಡಲೆಕಾಯಿಯೂ ನಡೆಯುತ್ತದೆ. ಬೇರೆ ಜಾತಿಯಾದರೆ ಅದೇ ಕಡಲೆಕಾಯಿ ಆಸರೆಯಾಗಬಹುದು. ಆದ್ದರಿಂದ ಈಗಲೇ, ಟೊಮೆಟೊ ಹೊಲದಲ್ಲಿರುವಾಗಲೇ ಮಣ್ಣು ಪರೀಕ್ಷೆ ಮಾಡಿಸಿ. ಗೊಬ್ಬರಕ್ಕೆಂದು ಮಾಡಿಸುವ ಮಣ್ಣು ಪರೀಕ್ಷೆ ಬೇರೆ, ಇದು ಬೇರೆ. ಅಂಕುಡೊಂಕಾಗಿ ನಡೆಯುತ್ತಾ ಹತ್ತು ಹದಿನೈದು ಗಿಡಗಳ ಬುಡದಲ್ಲಿ ಮೇಲ್ಮಣ್ಣು ಸರಿಸಿ, 15ರಿಂದ 20 ಸೆಂ.ಮೀ. ಆಳದ ಮಣ್ಣು ತೆಗೆದು ಬೆರೆಸಿ, ಕಾಲು ಕೆ.ಜಿ.ಯಷ್ಟನ್ನು ಒಂದು ಹಿಡಿ ಟೊಮೆಟೊ ಬೇರಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಗಣಿಕೆ, ಜೇಕಿನ ಬೇರನ್ನು ಇನ್ನೊಂದು ಚೀಲದಲ್ಲಿ ಹಾಕಿ ಹೆಸರು ಬರೆಯಿರಿ. ಮಣ್ಣನ್ನು ಬಿಸಿಲಿಗೆ ಒಣಗಿಸಬೇಡಿ, ಬೈಕಿನ ಡಿಕ್ಕಿಯಲ್ಲಿ ಕಾಯಲು ಬಿಡಬೇಡಿ, ಹುಳು ಸತ್ತರೆ ಎಣಿಸಲು ಏನೂ ಸಿಗುವುದಿಲ್ಲ. ಅವತ್ತೇ ಅಥವಾ ಮರುದಿನ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ನೆಮಟೋಡ್ ಪರೀಕ್ಷೆಗೆ ಎಲ್ಲಿಗೆ ಕಳಿಸಬೇಕೆಂದು ಅವರು ತಿಳಿಸುತ್ತಾರೆ. ಟೊಮೆಟೊ ಮತ್ತು ಕಳೆ ಎರಡರ ಬೇರಿನಲ್ಲೂ ಇರುವುದು ಯಾವ ಜಾತಿ, ಮಣ್ಣಿನಲ್ಲಿ ಎಷ್ಟು ಮರಿ ಇವೆ ಎನ್ನುವ ವರದಿ ಬಂದ ಮೇಲೆ ನನಗೆ ಬರೆಯಿರಿ, ಕಡಲೆಕಾಯಿಯೋ ರಾಗಿಯೋ ಎನ್ನುವುದನ್ನು ಆಗ ಖಚಿತವಾಗಿ ಹೇಳುತ್ತೇನೆ.